ಊರು ಬಿಟ್ಟು ಬೆಂಗಳೂರಿಗೆ: ಮೂವರು ಸೇರಿ ಬಾಡಿಗೆ ಮನೆ ಮಾಡುವವರಿಗೆ

ರಾಣೆಬೆನ್ನೂರಿನಲ್ಲಿ ರಾತ್ರಿ ರೈಲು ಹತ್ತಿ ಬೆಳಗ್ಗೆ ಯಶವಂತಪುರದಲ್ಲಿ ಇಳಿದಾಗ ನನ್ನ ಹತ್ತಿರ ಎರಡು ಬ್ಯಾಗು, ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಮತ್ತು 18,000 ರೂಪಾಯಿ ಇತ್ತು. ಅಷ್ಟು ದುಡ್ಡಿಗೆ ಮನೆ ಹಿಡಿಯಬಹುದು ಅಂತ ನಾನೂ ನಂಬಿದ್ದೆ, ಅಪ್ಪನೂ ನಂಬಿದ್ದರು. ಅದಾಗಿ ಒಂಬತ್ತು ವರ್ಷ, ನಾಲ್ಕು ಮನೆ, ಹನ್ನೊಂದು ಜನ ರೂಮ್‌ಮೇಟುಗಳು.

ಈ ಒಂಬತ್ತು ವರ್ಷದಲ್ಲಿ ಬಾಡಿಗೆಗಾಗಿ ಜಗಳ ಆಗಿದ್ದು ನೆನಪಿಲ್ಲ. ಅಡ್ವಾನ್ಸಿಗಾಗಿ ಆಗಿದೆ, ಗ್ಯಾಸಿಗಾಗಿ ಆಗಿದೆ, ಒಬ್ಬನ ಸೋದರಮಾವನ ಮಗನಿಗಾಗಿ ಆಗಿದೆ. ಅದಕ್ಕೇ ಇಲ್ಲಿ ಮನೆ ಹುಡುಕುವುದಕ್ಕಿಂತ, ಹುಡುಕಿದ ಮೇಲೆ ಏನೇನು ಬರೆದಿಟ್ಟುಕೊಳ್ಳಬೇಕು ಅನ್ನುವುದೇ ಜಾಸ್ತಿ ಇದೆ.

1. ಮೊದಲ ಎರಡು ತಿಂಗಳು ಪಿಜಿಯಲ್ಲಿರಿ

ಬಂದ ವಾರವೇ ಮನೆ ಹಿಡಿಯಬೇಡಿ. ಆಫೀಸು ಯಾವ ಕಡೆ, ಶಿಫ್ಟ್ ಯಾವುದು, ಸಂಜೆ ಆರಕ್ಕೆ ಆ ರಸ್ತೆಯಲ್ಲಿ ಬಸ್ಸು ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದೆಲ್ಲ ಓಡಾಡಿದ ಮೇಲೇ ತಿಳಿಯುವುದು. ಪಿಜಿ ಊಟ ಹೊಟ್ಟೆಗೆ ಹಿಡಿಸದೇ ಇರಬಹುದು, ಆದರೂ ಎರಡು ತಿಂಗಳು ತಡೆದುಕೊಳ್ಳಿ. ಸೇರುವಾಗ ಎರಡೇ ಪ್ರಶ್ನೆ ಕೇಳಿ: ಬಿಡುವಾಗ ಎಷ್ಟು ದಿನ ಮುಂಚೆ ಹೇಳಬೇಕು, ಡಿಪಾಸಿಟ್ಟಿನಲ್ಲಿ ಎಷ್ಟು ಹಿಡಿದುಕೊಳ್ಳುತ್ತೀರಿ. ಉತ್ತರವನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ.

ಈ ಎರಡು ತಿಂಗಳಲ್ಲಿ ಇನ್ನೊಂದು ಕೆಲಸವೂ ಆಗುತ್ತದೆ. ಯಾರ ಜೊತೆ ಒಂದೇ ಸೂರಿನಡಿ ಇರಬಲ್ಲಿರಿ, ಯಾರ ಜೊತೆ ಆಗದು ಅನ್ನುವುದು ಗೊತ್ತಾಗುತ್ತದೆ.

2. ಕೈಯಲ್ಲಿ ಎಷ್ಟಿರಬೇಕು

ಲೆಕ್ಕಕ್ಕೆ ಒಂದು ಮನೆ ಇಟ್ಟುಕೊಳ್ಳೋಣ. ಎರಡು ಬೆಡ್‌ರೂಮು, ಬಾಡಿಗೆ 24,000, ಮೂವರು. ಓನರ್ ಐದು ತಿಂಗಳ ಅಡ್ವಾನ್ಸ್ ಕೇಳಿದರು ಅಂದುಕೊಳ್ಳಿ, ಅಂದರೆ 1,20,000. ತಲೆಗೆ 40,000. ಮೊದಲ ತಿಂಗಳ ಬಾಡಿಗೆ 8,000. ಬ್ರೋಕರ್ ಮೂಲಕ ಹೋದರೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಅವನಿಗೆ, ನಿಮ್ಮ ಪಾಲಿಗೆ ಮತ್ತೆ 8,000. ಹಾಸಿಗೆ, ಒಲೆ, ಬಕೆಟ್ಟು, ಪೊರಕೆ, ಕುಕ್ಕರ್ ಅಂತ ಇನ್ನೊಂದು ಆರೇಳು ಸಾವಿರ. ಒಬ್ಬೊಬ್ಬರಿಗೂ 62-63 ಸಾವಿರ ಆಯಿತು. ನನ್ನ 18,000 ಎಲ್ಲಿ ನಿಲ್ಲುತ್ತಿತ್ತು ನೋಡಿ.

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವುದು ಹಳೆಯ ರೂಢಿ. ಈಗಲೂ ಕೇಳುವವರಿದ್ದಾರೆ. ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ, ಚೌಕಾಸಿ ಮಾಡಲು ನಾಚಿಕೆ ಬೇಡ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೂಡದು ಅಂತಿದೆ. ಆದರೆ ಅದು ಮಾದರಿ ಮಾತ್ರ, ಆಯಾ ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರಷ್ಟೇ ಅನ್ವಯ. ಇದನ್ನು ಓದಿಕೊಂಡು ಹೋಗಿ ಓನರ್ ಮುಂದೆ ಹೇಳಿದೆ. ‘ಹಾಗಾದ್ರೆ ಡೆಲ್ಲೀಲೇ ಮನೆ ನೋಡ್ಕೊಳ್ಳಪ್ಪ’ ಅಂದರು.

ಮನೆ ಹುಡುಕುವಾಗ ‘ಲೀಸ್’ ಅನ್ನುವ ಮಾತೂ ಕಿವಿಗೆ ಬೀಳುತ್ತದೆ. ಊರ ಕಡೆ ಭೋಗ್ಯ ಅನ್ನುತ್ತೇವಲ್ಲ, ಅದೇ. ಲಕ್ಷಗಟ್ಟಲೆ ಒಟ್ಟಿಗೆ ಕೊಟ್ಟು ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಅಷ್ಟನ್ನೂ ವಾಪಸ್ ಪಡೆಯುವುದು. ಮೂವರು ಹುಡುಗರು ಸೇರಿ ಮಾಡುವ ಕೆಲಸವಲ್ಲ ಅದು. ತಾನೇ ಬಾಡಿಗೆಗಿದ್ದವನು ಓನರ್ ವೇಷ ಹಾಕಿ ಲೀಸಿಗೆ ಕೊಟ್ಟು ಮಾಯವಾಗುವುದೂ ಉಂಟು.

3. ಜೊತೆಗಾರರು

ಒಳ್ಳೆಯ ಗೆಳೆಯ ಒಳ್ಳೆಯ ರೂಮ್‌ಮೇಟ್ ಆಗಿಯೇ ಆಗುತ್ತಾನೆ ಅಂತಿಲ್ಲ. ಕಾಲೇಜಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವನ ಜೊತೆ ನಾನು ಏಳೇ ತಿಂಗಳು ಇದ್ದೆ. ಮುಖ ಪರಿಚಯವೂ ಇಲ್ಲದ ಕೊಪ್ಪದ ಹುಡುಗನ ಜೊತೆ ಮೂರೂವರೆ ವರ್ಷ.

ಮನೆ ನೋಡಲು ಹೊರಡುವ ಮುಂಚೆ ಮೂವರೂ ಒಂದು ಕಡೆ ಕೂತು ಇವಿಷ್ಟನ್ನು ಬಾಯಿಬಿಟ್ಟು ಮಾತಾಡಿ: ತಲೆಗೆ ಎಷ್ಟರವರೆಗೆ ಬಾಡಿಗೆ ಕೊಡಬಲ್ಲಿರಿ, ನೈಟ್ ಶಿಫ್ಟ್ ಯಾರದ್ದು, ಅಡುಗೆ ಮನೆಯಲ್ಲಿ ಮೊಟ್ಟೆ ಮಾಂಸ ನಡೆಯುತ್ತದೆಯೋ ಇಲ್ಲವೋ, ಸಿಗರೇಟು, ಕುಡಿತ, ಎಷ್ಟು ದಿನ ಬೆಂಗಳೂರಿನಲ್ಲಿರುವ ಅಂದಾಜಿದೆ. ಕೊನೆಯದ್ದನ್ನು ಯಾರೂ ಕೇಳುವುದಿಲ್ಲ, ತಲೆನೋವೆಲ್ಲ ಅಲ್ಲೇ. ಆರು ತಿಂಗಳಲ್ಲಿ ಮದುವೆ ಗೊತ್ತಾಗುವವನು, ಸರ್ಕಾರಿ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿರುವವನು, ಆನ್‌ಸೈಟ್ ಕನಸಿನವನು, ಇವರೆಲ್ಲ ಮಧ್ಯದಲ್ಲೇ ಹೊರಡುವವರು. ಹೊರಡುವುದು ತಪ್ಪಲ್ಲ, ಮೊದಲೇ ಗೊತ್ತಿದ್ದರೆ ಸಾಕು.

4. ಏರಿಯಾ

ನನ್ನ ಸೂತ್ರ ಸರಳ. ಆಫೀಸಿನ ಬಾಗಿಲಲ್ಲೇ ಮನೆ ಬೇಡ, ಮೆಟ್ರೋ ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರದಲ್ಲಿರಲಿ. ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವವನು ವಿಜಯನಗರ, ಅತ್ತಿಗುಪ್ಪೆ ಕಡೆ ಮನೆ ಮಾಡಿದರೂ ನೇರಳೆ ಮಾರ್ಗದಲ್ಲಿ ರೈಲು ಬದಲಿಸದೆ ಹೋಗಬಹುದು. ಎಲೆಕ್ಟ್ರಾನಿಕ್ ಸಿಟಿಯವರಿಗೆ 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ ಶುರುವಾದ ಮೇಲೆ ಜಯನಗರ, ಬನಶಂಕರಿ ಕಡೆಯಲ್ಲೂ ಮನೆ ನೋಡುವ ದಾರಿ ತೆರೆದಿದೆ. ಹೆಣ್ಣುಮಕ್ಕಳು ಬಸ್ಸಿನ ದಾರಿಯನ್ನೂ ನೋಡಿಕೊಳ್ಳಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ತಿಂಗಳ ಖರ್ಚಿನಲ್ಲಿ ಅದು ಸಣ್ಣ ಮೊತ್ತವಲ್ಲ.

5. ಹುಡುಕುವುದು

ಆ್ಯಪುಗಳನ್ನು, ಫೇಸ್‌ಬುಕ್ ಗುಂಪುಗಳನ್ನು ನೋಡಿ, ಬೇಡ ಅನ್ನುವುದಿಲ್ಲ. ಆದರೆ ನನಗೆ ಸಿಕ್ಕ ನಾಲ್ಕು ಮನೆಗಳಲ್ಲಿ ಮೂರು ಸಿಕ್ಕಿದ್ದು ಕಾಲ್ನಡಿಗೆಯಲ್ಲಿ. ಭಾನುವಾರ ಬೆಳಗ್ಗೆ ಇಷ್ಟವಾದ ಬೀದಿಗಳಲ್ಲಿ ಸುತ್ತಿ, ಗೇಟಿಗೆ ನೇತುಹಾಕಿದ ‘ಟು-ಲೆಟ್’ ಬೋರ್ಡು ನೋಡಿ. ನಂದಿನಿ ಬೂತಿನವರನ್ನು, ಮೂಲೆಯ ಇಸ್ತ್ರಿ ಗಾಡಿಯವರನ್ನು ಕೇಳಿ. ಯಾವ ಮನೆ ಮುಂದಿನ ತಿಂಗಳು ಖಾಲಿಯಾಗುತ್ತದೆ, ಯಾವ ಓನರ್ ಅಡ್ವಾನ್ಸ್ ಕೊಡಲು ಸತಾಯಿಸುತ್ತಾರೆ, ಇಸ್ತ್ರಿಯವನಿಗೆ ಎಲ್ಲ ಗೊತ್ತಿರುತ್ತದೆ. ಎರಡು ಜೊತೆ ಬಟ್ಟೆ ಕೊಟ್ಟು ಮಾತಿಗಿಳಿಯಿರಿ.

‘ಬ್ಯಾಚುಲರ್ಸಾ? ಫ್ಯಾಮಿಲಿಗೆ ಮಾತ್ರ ಕೊಡೋದು’ ಅನ್ನುವ ಮಾತು ಹತ್ತು ಸಲವಾದರೂ ಕೇಳಬೇಕಾಗುತ್ತದೆ. ವೆಜ್ಜೋ ನಾನ್‌ವೆಜ್ಜೋ ಅಂತಲೂ ಕೇಳುತ್ತಾರೆ, ಸುತ್ತಿ ಬಳಸಿ ಜಾತಿಯನ್ನೂ ಕೇಳುತ್ತಾರೆ. ಸುಳ್ಳು ಹೇಳಿ ಮನೆ ಹಿಡಿದರೆ ಆಮೇಲೆ ಒಗ್ಗರಣೆ ಹಾಕುವಾಗಲೂ ಹೆದರುತ್ತಾ ಬದುಕಬೇಕು. ಮುಂದಿನ ಮನೆ ನೋಡುವುದೇ ವಾಸಿ. ನಮಗೆ ಎರಡನೇ ಮನೆ ಸಿಕ್ಕಿದ್ದು ಅಪ್ಪನಿಂದ. ಊರಿಂದ ಬಂದವರು ಓನರ್ ಮನೆಯ ಹಾಲಿನಲ್ಲಿ ಕೂತು, ಕಾಫಿ ಕುಡಿದು, ಆ ವರ್ಷದ ಮಳೆ ಮತ್ತು ಮೆಕ್ಕೆಜೋಳದ ರೇಟಿನ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಬಾಡಿಗೆಯ ಸುದ್ದಿಯೇ ಎತ್ತಲಿಲ್ಲ. ಎದ್ದು ಹೊರಡುವಾಗ ಓನರ್ ಆಂಟಿಯೇ ‘ಹುಡುಗರು ಒಂದನೇ ತಾರೀಕು ಬರ್ಲಿ’ ಅಂದರು.

ನನ್ನ ತಂಗಿ, ಅವಳ ಗೆಳತಿಯರಿಗೆ ಮನೆ ಹುಡುಕಿದಾಗ ಕಂಡ ಸಂಗತಿಯೇ ಬೇರೆ. ಹುಡುಗಿಯರು ಅಂದರೆ ಮನೆ ಬೇಗ ಕೊಡುತ್ತಾರೆ, ಆದರೆ ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ. ಗೇಟಿನ ಒಂದು ಕೀ ನಿಮ್ಮ ಕೈಗೆ ಕೊಡುತ್ತಾರೆಯೋ ಇಲ್ಲವೋ ಅಂತ ಮೊದಲೇ ಕೇಳಿ.

ಮೋಸದ ಬಗ್ಗೆ ಎರಡು ಮಾತು. ಮನೆ ಕಣ್ಣಾರೆ ನೋಡದೆ ಟೋಕನ್ ಹಾಕಬೇಡಿ, ‘ಇನ್ನೂ ನಾಲ್ಕು ಜನ ಕಾಯ್ತಿದ್ದಾರೆ’ ಅಂದರೂ. ಇನ್ನು ‘ನಿಮಗೆ ದುಡ್ಡು ವಾಪಸ್ ಹಾಕ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಅನ್ನುವವನು ಕಳ್ಳನೇ. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಬೇಕಿಲ್ಲ.

6. ಮನೆ ನೋಡುವಾಗ

ಒಮ್ಮೆ ಸಂಜೆ, ಒಮ್ಮೆ ಬೆಳಗ್ಗೆ ಏಳಕ್ಕೆ ಹೋಗಿ. ಬೆಳಗ್ಗೆ ಏಕೆಂದರೆ ಇಡೀ ಕಟ್ಟಡ ಸ್ನಾನ ಮಾಡುವ ಹೊತ್ತದು. ಆಗ ಮೇಲಿನ ಮಹಡಿಯ ನಲ್ಲಿಯಲ್ಲಿ ನೀರು ಹೇಗೆ ಬರುತ್ತದೆ ನೋಡಿ. ಕಾವೇರಿ ಸಂಪರ್ಕ ಇದೆಯೋ, ಬರೀ ಬೋರೋ, ಎರಡೂ ಒಂದೇ ಸಂಪಿಗೆ ಬೀಳುತ್ತವೆಯೋ ಅಂತ ಕೇಳಿ. ಕೇಳಿದ್ದನ್ನು ನಂಬದಿದ್ದರೆ ನಲ್ಲಿಯ ಬಾಯಿ ನೋಡಿ: ಬಿಳಿ ಪುಡಿ ಗಟ್ಟಿಯಾಗಿ ಕೂತಿದ್ದರೆ ಅದು ಬೋರ್ ನೀರೇ. ಟ್ಯಾಂಕರ್ ತರಿಸಿದರೆ ದುಡ್ಡು ಯಾರದ್ದು ಅನ್ನುವುದನ್ನೂ ಈಗಲೇ ಕೇಳಿ. 2024ರ ಬೇಸಿಗೆಯಲ್ಲಿ ಬೋರ್‌ಗಳು ಬತ್ತಿದಾಗ ಇದನ್ನು ಮೊದಲೇ ಮಾತಾಡದ ನಾವು ಬಾಡಿಗೆಯ ಮೇಲೆ ಟ್ಯಾಂಕರ್ ದುಡ್ಡನ್ನೂ ಕಟ್ಟಿದೆವು.

ಕರೆಂಟಿಗೆ ಪ್ರತ್ಯೇಕ ಬೆಸ್ಕಾಂ ಮೀಟರ್ ಇರಲಿ. ಸ್ವಂತ ಆರ್.ಆರ್. ನಂಬರ್ (ಕರೆಂಟ್ ಬಿಲ್ಲಿನ ಮೇಲಿರುವ ಸಂಪರ್ಕದ ಸಂಖ್ಯೆ) ಇದ್ದರೆ ಬಾಡಿಗೆಯವರೂ ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆಯಾದ ಗೃಹಜ್ಯೋತಿಗೆ ಅರ್ಜಿ ಹಾಕಬಹುದು. ಆ ಮೀಟರಿನ ಹಿಂದಿನ ಸರಾಸರಿ ಬಳಕೆಗೆ ತಕ್ಕಂತೆ ಮಿತಿ ಇರುತ್ತದೆ, ಗರಿಷ್ಠ 200 ಯೂನಿಟ್. ಓನರ್ ಸಬ್‌ಮೀಟರ್ ಇಟ್ಟು ‘ಯೂನಿಟ್ಟಿಗೆ ಇಷ್ಟು’ ಅಂದರೆ ಆ ಲಾಭ ನಿಮಗೆ ಸಿಗುವುದಿಲ್ಲ.

ಉಳಿದದ್ದು ಬೇಗ ಬೇಗ. ಬೀರುವಿನ ಬಾಗಿಲು ತೆಗೆದು ಮೂಸಿ, ಗೋಡೆ ಒದ್ದೆ ಇದ್ದರೆ ವಾಸನೆ ಬರುತ್ತದೆ. ಒಳಗಿನ ರೂಮಿನಲ್ಲಿ ನಿಂತು ಊರಿಗೊಂದು ಫೋನ್ ಮಾಡಿ, ಸಿಗ್ನಲ್ ಗೊತ್ತಾಗುತ್ತದೆ. ಟಾಯ್ಲೆಟ್ ಫ್ಲಶ್ ಒತ್ತಿ. ಬೈಕ್ ನಿಲ್ಲಿಸುವ ಜಾಗ ತೋರಿಸಿ ಅನ್ನಿ, ‘ಆಮೇಲೆ ನೋಡೋಣ’ ಅಂದರೆ ಜಾಗ ಇಲ್ಲ ಅಂತಲೇ ಅರ್ಥ.

7. ಅಗ್ರಿಮೆಂಟ್

ಎಲ್ಲರೂ 11 ತಿಂಗಳಿಗೇ ಏಕೆ ಬರೆಸುತ್ತಾರೆ ಅಂದರೆ, ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು. ಆ ಓಡಾಟ, ಖರ್ಚು ಬೇಡ ಅಂತ 11. ಇ-ಸ್ಟಾಂಪ್ ಕಾಗದದ ಮೇಲೆ ಬರೆಸಿ, ಮೂಲ ಪ್ರತಿ ಅವರಿಗಾದರೆ ನಕಲು ನಿಮಗೆ.

ಸಹಿ ಹಾಕುವ ಮುಂಚೆ ಓನರ್ ನಿಜವಾದ ಓನರ್ ಹೌದೋ ಅಂತ ನೋಡಿಕೊಳ್ಳಿ. ಮನೆ ಕಂದಾಯದ ರಸೀದಿ, ಕರೆಂಟ್ ಬಿಲ್ಲು ಕೇಳಿದರೆ ಬೇಸರ ಮಾಡಿಕೊಳ್ಳದವರೇ ಹೆಚ್ಚು. ನಿಮ್ಮ ಆಧಾರ್ ಪ್ರತಿ ಕೊಡಬೇಕಾದಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿಕೊಡಿ.

ಓದುವಾಗ ಬೆರಳಿಟ್ಟು ನೋಡಬೇಕಾದ ಸಾಲುಗಳು: ನೋಟಿಸ್ ಎಷ್ಟು ತಿಂಗಳು, ಅದು ಇಬ್ಬರಿಗೂ ಒಂದೇನಾ, ವರ್ಷಕ್ಕೆ ಬಾಡಿಗೆ ಎಷ್ಟು ಪರ್ಸೆಂಟ್ ಏರುತ್ತದೆ, ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ಮೋಟರ್, ಗೀಸರ್ ಕೆಟ್ಟರೆ ರಿಪೇರಿ ಯಾರದ್ದು, ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಇಲ್ಲಿ ರೂಢಿ. ‘ಪೇಂಟಿಂಗ್ ಮತ್ತು ಕ್ಲೀನಿಂಗ್ ವೆಚ್ಚ’ ಅಂತ ಮೊತ್ತವಿಲ್ಲದೆ ಬರೆದಿದ್ದರೆ ಅಂಕಿ ಹಾಕಿಸಿ.

ಮೂವರ ಹೆಸರೂ ಅಗ್ರಿಮೆಂಟಿನಲ್ಲಿರಲಿ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದು ಎಚ್‌ಆರ್‌ಎ (ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆ) ತೋರಿಸಿ ತೆರಿಗೆ ಉಳಿಸುವವರಿಗೂ ಅದು ಬೇಕಾಗುತ್ತದೆ. ಅಡ್ವಾನ್ಸನ್ನು ನಗದಾಗಿ ಕೊಡಬೇಡಿ, ಬ್ಯಾಂಕಿನ ಮೂಲಕವೇ ಹೋಗಲಿ.

ಕೀ ಕೈಗೆ ಬಂದ ದಿನ, ಒಂದು ಸಾಮಾನೂ ಒಳಗಿಡುವ ಮುಂಚೆ, ಇಡೀ ಮನೆಯ ವಿಡಿಯೊ ಮಾಡಿ. ಗೋಡೆಯ ಮೊಳೆ ತೂತು, ಒಡೆದ ಟೈಲ್ಸು, ಬಾತ್‌ರೂಮ್ ಬಾಗಿಲ ಕೆಳಗೆ ಉಬ್ಬಿದ ಪ್ಲೈವುಡ್, ಕರೆಂಟ್ ಮೀಟರಿನ ಅಂಕಿ, ಎಲ್ಲವನ್ನೂ. ಅದನ್ನು ಅವತ್ತೇ ಓನರಿಗೆ ವಾಟ್ಸಾಪ್ ಮಾಡಿ, ‘ಅಂಕಲ್, ಮನೆ ಈ ಸ್ಥಿತಿಯಲ್ಲಿ ತಗೊಂಡಿದ್ದೀವಿ’ ಅಂತ ಒಂದು ಸಾಲು. ಮೂರನೇ ಮನೆ ಬಿಡುವಾಗ ಬಿರುಕು ಬಿಟ್ಟ ವಾಶ್‌ಬೇಸಿನ್‌ಗೆ 3,500 ಹಿಡಿಯಲು ಬಂದರು. ಎರಡು ವರ್ಷದ ಹಿಂದಿನ ವಿಡಿಯೊ ತೆಗೆದು ತೋರಿಸಿದೆವು, ಮಾತು ಅಲ್ಲಿಗೆ ಮುಗಿಯಿತು.

8. ನಿಮ್ಮ ನಿಮ್ಮೊಳಗಿನ ಅಗ್ರಿಮೆಂಟ್

ಓನರ್ ಜೊತೆಗಿನ ಕಾಗದಕ್ಕಿಂತ ಇದು ಮುಖ್ಯ. ಸ್ಟಾಂಪ್ ಬೇಡ, ಒಂದು ಹಾಳೆ ಸಾಕು. ಬರೆದು ಮೂವರೂ ಸಹಿ ಹಾಕಿ ಫೋಟೊ ತೆಗೆದು ಗುಂಪಿನಲ್ಲಿ ಪಿನ್ ಮಾಡಿ. ‘ನಮ್ಮ ನಮ್ಮೊಳಗೆ ಏನ್ ಬರ್ಕೊಳ್ಳೋದ್ ಬಿಡೋ’ ಅನ್ನುವವನು ಒಬ್ಬ ಇದ್ದೇ ಇರುತ್ತಾನೆ. ನಮ್ಮ ಮೊದಲ ಮನೆಯಲ್ಲಿ ಆ ಮಾತು ಹೇಳಿದವನು ನಾನೇ.

ಆದದ್ದು ಇಷ್ಟು. ದಾವಣಗೆರೆಯ ಗೆಳೆಯನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ‘ನನ್ನ ಅಡ್ವಾನ್ಸ್ ಕೊಡಿ, ಹೊರಡ್ತೀನಿ’ ಅಂದ. ಓನರ್ ಮನೆ ಪೂರ್ತಿ ಖಾಲಿಯಾಗುವ ತನಕ ಪೈಸೆಯೂ ಬಿಚ್ಚುವುದಿಲ್ಲ, ನಮ್ಮಿಬ್ಬರ ಹತ್ತಿರ ಅಷ್ಟು ದುಡ್ಡಿಲ್ಲ. ಹೊಸಬನೊಬ್ಬ ಬಂದು ಅವನ ಪಾಲು ಪೂರ್ತಿ ಕೊಟ್ಟ. ವರ್ಷದ ನಂತರ ಮನೆ ಬಿಟ್ಟಾಗ ಓನರ್ ಪೇಂಟಿಂಗ್ ಮುರಿದುಕೊಂಡೇ ಕೊಟ್ಟರು. ಪುಣೆಯವನ ಕಾಲದ ಸವೆತಕ್ಕೂ ದುಡ್ಡು ತೆತ್ತವನು ಹೊಸಬ. ಅವನು ನಮ್ಮನ್ನು ಮೋಸಗಾರರು ಅಂದ. ಅವನ ಮಾತು ತಪ್ಪೂ ಇರಲಿಲ್ಲ.

ಆಮೇಲೆ ಮಾಡಿಕೊಂಡ ನಿಯಮ ಹೀಗಿದೆ. ಮೇಲಿನ ಲೆಕ್ಕವನ್ನೇ ತೆಗೆದುಕೊಳ್ಳಿ: ಅಡ್ವಾನ್ಸ್ 1,20,000, ಪೇಂಟಿಂಗ್ 24,000, ಅಂದರೆ ತಲೆಗೆ 8,000. ಮೊದಲು ಬಂದ ಮೂವರೂ ಆ 8,000 ಹೋದದ್ದೇ ಅಂತ ಮೊದಲ ದಿನವೇ ಎಳ್ಳುನೀರು ಬಿಡಬೇಕು. ಮಧ್ಯದಲ್ಲಿ ಹೋಗುವವನಿಗೆ ಸಿಗುವುದು 32,000. ಅವನ ಜಾಗಕ್ಕೆ ಬರುವವನು ಕೊಡುವುದೂ 32,000. ಕೊನೆಗೆ ಓನರ್ 96,000 ಕೊಟ್ಟಾಗ ತಲೆಗೆ 32,000, ಯಾರಿಗೂ ನಷ್ಟವಿಲ್ಲ. ‘ಹೊಸಬ ಪೇಂಟಿಂಗ್ ದುಡ್ಡಿಲ್ಲದೆ ಪಾರಾದ’ ಅಂತ ಹೊಟ್ಟೆಯುರಿದರೆ ತಿಂಗಳುಗಳ ಲೆಕ್ಕದಲ್ಲಿ ಹಂಚಿಕೊಳ್ಳಿ. ನಾನಂತೂ ಎರಡು ಮೂರು ಸಾವಿರಕ್ಕೆ ಕ್ಯಾಲ್ಕುಲೇಟರ್ ಹಿಡಿಯುವುದಿಲ್ಲ.

ಅದೇ ಹಾಳೆಯಲ್ಲಿ ಇನ್ನೂ ಮೂರು ಸಂಗತಿ ಬರೆಯಿರಿ. ಬಿಡುವವನು ಎಷ್ಟು ದಿನ ಮುಂಚೆ ಹೇಳಬೇಕು (ಓನರಿಗೆ ಕೊಡುವ ನೋಟಿಸಿಗಿಂತ ಹದಿನೈದು ದಿನ ಹೆಚ್ಚೇ ಇರಲಿ), ಬದಲಿ ಜನ ಹುಡುಕುವ ಹೊಣೆ ಅವನದ್ದೇ, ಒಪ್ಪುವ ಹಕ್ಕು ಉಳಿದವರದ್ದು. ಯಾವ ರೂಮಿಗೆ ಎಷ್ಟು ಬಾಡಿಗೆ: ಒಬ್ಬನೇ ಇರುವ ಅಟ್ಯಾಚ್ಡ್ ಬಾತ್‌ರೂಮಿನ ರೂಮಿಗೆ 10,000, ಇಬ್ಬರಿರುವ ರೂಮಿಗೆ ತಲೆಗೆ 7,000, ಹೀಗೆ. ಒಪ್ಪಂದವಾಗದಿದ್ದರೆ ಆ ರೂಮಿಗೆ ಎಷ್ಟು ಕೊಡುತ್ತೀರಿ ಅಂತ ಮೂವರೂ ಚೀಟಿಯಲ್ಲಿ ಬರೆಯಿರಿ, ಹೆಚ್ಚು ಬರೆದವನಿಗೆ ರೂಮು, ಉಳಿದದ್ದನ್ನು ಇನ್ನಿಬ್ಬರು ಹಂಚಿಕೊಳ್ಳುವುದು. ಮೂರನೆಯದು, ಫ್ರಿಜ್ಜು, ವಾಷಿಂಗ್ ಮಶಿನ್ ಥರದ್ದನ್ನು ಸೇರಿ ಕೊಳ್ಳಬೇಡಿ. ಒಬ್ಬೊಬ್ಬರು ಒಂದೊಂದನ್ನು ಕೊಳ್ಳಿ, ಹೋಗುವಾಗ ಅವರದ್ದನ್ನು ಅವರು ಒಯ್ಯಲಿ. ಫ್ರಿಜ್ಜನ್ನು ಮೂರು ತುಂಡು ಮಾಡಲಾಗದು.

9. ದಿನದ ಸಂಸಾರ

ಗ್ಯಾಸಿಗೆ ಮೊದಲ ದಿನವೇ 14.2 ಕೆ.ಜಿ. ಸಿಲಿಂಡರಿನ ಕನೆಕ್ಷನ್ ಸಿಗದಿದ್ದರೆ ಚಿಂತೆ ಬೇಡ. 5 ಕೆ.ಜಿ.ಯ ಸಣ್ಣ ಸಿಲಿಂಡರ್ ವಿಳಾಸದ ಪುರಾವೆ ಇಲ್ಲದೆ, ಗುರುತಿನ ಚೀಟಿಯ ಮೇಲೇ ಸಿಗುತ್ತದೆ.

ಅಕ್ಕಿ, ಬೇಳೆ, ಎಣ್ಣೆ, ಹಾಲು, ಗ್ಯಾಸ್, ನೀರಿನ ಕ್ಯಾನು, ಪಾತ್ರೆ ಸೋಪು ಎಲ್ಲರದ್ದು. ಮೊಟ್ಟೆ, ಹಣ್ಣು, ಬಿಸ್ಕತ್ತು ತಂದವರದ್ದು. ಊರಿಂದ ಬಂದ ಉಪ್ಪಿನಕಾಯಿ, ಚಟ್ನಿಪುಡಿ ಯಾರದ್ದಾದರೂ ಎಲ್ಲರದ್ದೇ, ಅದನ್ನು ಬಚ್ಚಿಟ್ಟವನಿಗೆ ನಮ್ಮ ಮನೆಯಲ್ಲಿ ಜಾಗವಿರಲಿಲ್ಲ. ಲೆಕ್ಕಕ್ಕೆ ಸ್ಪ್ಲಿಟ್‌ವೈಸ್ ಥರದ ಆ್ಯಪ್ ಇಟ್ಟುಕೊಳ್ಳಿ. ಖರ್ಚು ಮಾಡಿದವನು ಅಂಗಡಿ ಮುಂದೆಯೇ ನಿಂತು ಬರೆಯಬೇಕು, ಮನೆಗೆ ಬಂದ ಮೇಲೆ ಮರೆತುಹೋಗುತ್ತದೆ. ತಿಂಗಳ ಐದನೇ ತಾರೀಕಿಗೆ ಬಾಕಿ ಚುಕ್ತಾ.

ಕೆಲಸದ ಹಂಚಿಕೆಗೆ ಮಾತ್ರ ಆ್ಯಪ್ ಆಗಿಬರಲಿಲ್ಲ. ಅವ್ವ ಪ್ರತಿ ವರ್ಷ ಶಾಬಾದಿಮಠ ಕ್ಯಾಲೆಂಡರ್ ಕಳಿಸುತ್ತಾಳೆ. ಅದನ್ನು ಅಡುಗೆ ಮನೆಯಲ್ಲಿ ತೂಗುಹಾಕಿ ದಾರ ಕಟ್ಟಿ ಒಂದು ಪೆನ್ನು ನೇತುಬಿಟ್ಟೆವು. ಕ್ಯಾನ್ ತಂದವನು ಆ ತಾರೀಕಿನ ಚೌಕದಲ್ಲಿ ತನ್ನ ಹೆಸರಿನ ಮೊದಲಕ್ಷರ ಬರೆಯುತ್ತಾನೆ. ಸಿಲಿಂಡರ್ ಹಚ್ಚಿದ ದಿನಕ್ಕೆ ‘ಗ್ಯಾ’. ಕಸದ ಆಟೊಗೆ ಹಸಿ, ಒಣ ಬೇರೆ ಮಾಡಿ ಕೊಟ್ಟವನಿಗೆ ಒಂದು ಗೀಟು. ಏಕಾದಶಿ, ಅಮಾವಾಸ್ಯೆಗಳ ಮಧ್ಯೆ ತಿಂಗಳ ಕೊನೆಗೆ ‘ಮ’ ಎಷ್ಟು, ‘ರ’ ಎಷ್ಟು ಅಂತ ಗೋಡೆಯೇ ಹೇಳುತ್ತಿತ್ತು. ಯಾರೂ ಯಾರಿಗೂ ಬಾಯಿಬಿಟ್ಟು ‘ನೀನು ತರಲಿಲ್ಲ’ ಅನ್ನಬೇಕಾಗಲಿಲ್ಲ.

ಇನ್ನು ಅತಿಥಿಗಳು. ‘ನಮ್ಮ ಮಾವನ ಮಗ ಇಂಟರ್‌ವ್ಯೂಗೆ ಬಂದಾನ, ನಾಕ್ ದಿನ ಇರ್ತಾನ ಅಷ್ಟ’ ಅಂದವನ ಮಾವನ ಮಗ ನಲವತ್ತೆರಡು ದಿನ ಇದ್ದ. ಒಳ್ಳೆಯ ಹುಡುಗ, ದಿನಾ ಪಾತ್ರೆ ತೊಳೆಯುತ್ತಿದ್ದ, ಅದಕ್ಕೇ ಹೇಳುವುದು ಇನ್ನೂ ಕಷ್ಟವಾಯಿತು. ಈಗ ನಿಯಮ ಇದೆ: ಮೂರು ರಾತ್ರಿ ಯಾರೂ ಏನೂ ಕೇಳುವುದಿಲ್ಲ, ಅದಕ್ಕಿಂತ ಹೆಚ್ಚಾದರೆ ಎಲ್ಲರನ್ನೂ ಕೇಳಬೇಕು, ವಾರ ದಾಟಿದರೆ ಕರೆತಂದವನು ದಿನಸಿಯಲ್ಲಿ ಒಂದು ಪಾಲು ಹೆಚ್ಚು ಹಾಕಬೇಕು. ಬೆಂಗಳೂರಿಗೆ ಬಂದ ಊರ ಹುಡುಗನಿಗೆ ಬಾಗಿಲು ಹಾಕಲಾಗದು, ನಾವೂ ಯಾರದೋ ರೂಮಿನಲ್ಲಿ ಚಾಪೆ ಹಾಸಿಕೊಂಡು ಮಲಗಿದವರೇ.

10. ಬಿಡುವಾಗ

ನೋಟಿಸನ್ನು ಫೋನಿನಲ್ಲಿ ಹೇಳಿ, ಅದೇ ದಿನ ವಾಟ್ಸಾಪಿನಲ್ಲಿ ತಾರೀಕು ಹಾಕಿ ಕಳಿಸಿ. ಕೊನೆಯ ಎರಡು ತಿಂಗಳ ಬಾಡಿಗೆ ಕೊಡದೆ ‘ಅಡ್ವಾನ್ಸಲ್ಲಿ ಹಿಡ್ಕೊಳ್ಳಿ’ ಅನ್ನುವವರು ಬಹಳ. ಒಳ್ಳೆಯ ಓನರ್ ಜೊತೆ ಹಾಗೆ ಮಾಡಬೇಡಿ. ಆದರೆ ಇಸ್ತ್ರಿಯವನು ಮೊದಲೇ ಎಚ್ಚರಿಸಿದ್ದ ಥರದ ಓನರ್ ಆಗಿದ್ದರೆ, ಅವರನ್ನು ಒಪ್ಪಿಸಿಯೇ ಹಾಗೆ ಮಾಡಿಕೊಳ್ಳುವುದು ಜಾಣತನ, ಒಪ್ಪಿದ್ದೂ ಬರಹದಲ್ಲಿರಲಿ.

ಕೀ ಕೊಡುವುದು, ಅಡ್ವಾನ್ಸ್ ಪಡೆಯುವುದು ಒಂದೇ ದಿನ, ಒಂದೇ ಕಡೆ ಆಗಲಿ. ಕೊನೆಯ ಕರೆಂಟ್ ಬಿಲ್ಲು, ನೀರಿನ ದುಡ್ಡು ಅಲ್ಲೇ ಮುರಿಸಿ, ಬಾಕಿ ಇಲ್ಲ ಅಂತ ಒಂದು ಸಾಲು ಬರೆಸಿಕೊಳ್ಳಿ. ಗೃಹಜ್ಯೋತಿಗೆ ಜೋಡಿಸಿದ ಆಧಾರ್ ಆ ಆರ್.ಆರ್. ನಂಬರಿನಿಂದ ಡಿ-ಲಿಂಕ್ ಮಾಡಿ, ಇಲ್ಲದಿದ್ದರೆ ಹೊಸ ಮನೆಯಲ್ಲಿ ಅರ್ಜಿ ಹಾಕುವಾಗ ಸಿಕ್ಕಿಹಾಕಿಕೊಳ್ಳುತ್ತದೆ. ಇಂಟರ್‌ನೆಟ್ ಯಾರ ಹೆಸರಲ್ಲಿದೆಯೋ ಅವರು ರೂಟರ್ ವಾಪಸ್ ಕೊಟ್ಟು ರಸೀದಿ ಪಡೆಯಲಿ. ಬ್ಯಾಂಕು, ಗ್ಯಾಸು, ಪಾರ್ಸೆಲ್ ಆ್ಯಪುಗಳಲ್ಲಿ ವಿಳಾಸ ಬದಲಿಸಿ, ಕೆಳಗಿನ ಮನೆಯವರಿಗೆ ಒಂದು ಫೋನ್ ನಂಬರ್ ಕೊಟ್ಟು ಹೊರಡಿ. ನಾವು ಕೊನೆಯ ಮನೆ ಬಿಟ್ಟು ಮೂರು ತಿಂಗಳಾದ ಮೇಲೂ ಕೊಪ್ಪದವನ ಕ್ರೆಡಿಟ್ ಕಾರ್ಡ್ ಅಲ್ಲಿಗೇ ಹೋಗಿತ್ತು. ಕೆಳಗಿನ ಮನೆಯ ಅಜ್ಜಿ ಫೋನ್ ಮಾಡಿ, ‘ಯಾವ್ದೋ ಕವರ್ ಬಂದಿದೆ ಕಣ್ರೋ, ಬಂದು ತಗೊಂಡ್ ಹೋಗಿ’ ಅಂದರು.